ಹಿತ್ತಿಲ ಕೋಳಿಗಳಿಗೊಂದು ಭದ್ರವಾದ ಅಂಗಳ

ಮಲೆನಾಡಿನಲ್ಲಿ ಒಂದರ ಹಿಂದೊಂದು ಕೋಳಿ ಕಳೆದುಕೊಂಡ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಇನ್ನು ಕೋಳಿಯ ಸಹವಾಸವೇ ಬೇಡ ಎನ್ನುವವರು ಕೆಲವರು. ಉಳಿದವನ್ನು ಗೂಡಿಗೆ ತುಂಬಿ ಹಗಲಲ್ಲೂ ಬಾಗಿಲು ಹಾಕಿಡುವವರು ಇನ್ನು ಕೆಲವರು. ತೀರ್ಥಹಳ್ಳಿ ಸೀಮೆಯ ನಮ್ಮ ಊರಿನಲ್ಲಿ ಈ ಎರಡನ್ನೂ ನೋಡುತ್ತ ಬಂದಿದ್ದೇನೆ. ಮೊದಲನೆಯದು ಅವರವರ ಇಷ್ಟಕ್ಕೆ ಬಿಟ್ಟ ವಿಷಯ. ಎರಡನೆಯದನ್ನು ಒಪ್ಪಿಕೊಳ್ಳಲು ಮಾತ್ರ ನನ್ನ ಮನಸ್ಸು ಇಂದಿಗೂ ಸಿದ್ಧವಾಗಿಲ್ಲ. ದಿನವಿಡೀ ನೆಲ ಕೆದಕುವುದಕ್ಕೆಂದೇ ಹುಟ್ಟಿದ ಜೀವವನ್ನು ಆರೆಂಟು ಚದರ ಅಡಿಯ ಹಲಗೆಯ ಮೇಲೆ ನಿಲ್ಲಿಸಿ, ಅದಕ್ಕೆ ರಕ್ಷಣೆ ಎಂದು ಹೆಸರಿಡುವುದು ಸರಿಯಲ್ಲ. ಹಿತ್ತಿಲಿನಲ್ಲಿ ನಮ್ಮ ಕೋಳಿಗಳಿಗೆ ವಿಶಾಲವೂ ಭದ್ರವೂ ಆದ ಹೊರಜಾಗವೊಂದನ್ನು ಕಟ್ಟುತ್ತ ಹೋದಂತೆ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ. ಎಲ್ಲಿ ಎಂಥ ಬೇಲಿ, ಯಾವ ಹೊತ್ತಿಗೆ ಎಂಥ ಬಾಗಿಲು ಎಂಬುದನ್ನು ಸರಿಯಾಗಿ ಯೋಚಿಸಿದರೆ ಕೋಳಿಯ ಜಾಗವನ್ನು ಕಿರಿದು ಮಾಡಬೇಕಾಗಿಯೇ ಇಲ್ಲ.

ನಮ್ಮ ಅತ್ತೆಯ ಕಾಲದಲ್ಲಿ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ಬೆಳಿಗ್ಗೆ ಒಡ್ಡಿಯ, ಅಂದರೆ ಕೋಳಿಗೂಡಿನ, ಹಲಗೆ ಸರಿಸಿದರೆ ಕೋಳಿಗಳು ಅಂಗಳ, ಕೊಟ್ಟಿಗೆ, ಗೊಬ್ಬರದ ಗುಂಡಿ, ತೋಟದ ಅಂಚು ಎಲ್ಲವನ್ನೂ ಸುತ್ತಿ, ಕತ್ತಲಾಗುವ ಹೊತ್ತಿಗೆ ತಾವಾಗಿಯೇ ಮರಳುತ್ತಿದ್ದವು. ಬೇಲಿಯ ಮಾತೆತ್ತಿದಾಗ ಅವರು, "ಕೋಳಿ ಅಂದ್ರೆ ಬಿಟ್ಟು ಸಾಕಬೇಕು ಕಣೇ, ಕಟ್ಟಿ ಸಾಕಕ್ಕೆ ಅದೇನು ಎಮ್ಮೆಯಾ?" ಎಂದು ಕೇಳಿದರು. ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ, ಏಕೆಂದರೆ ಅದರಲ್ಲಿ ಕೋಳಿಯ ಸ್ವಭಾವದ ತಿಳಿವಳಿಕೆ ಇತ್ತು. ಆದರೆ ಆಗಿನ ಅಂಗಳದಲ್ಲಿ ಬೆಳಗಿನಿಂದ ಬೈಗಿನವರೆಗೆ ಜನರಿರುತ್ತಿದ್ದರು. ಅಡಿಕೆ ಸುಲಿಯುವವರು, ಭತ್ತ ಹರವುವವರು, ಜಗುಲಿಯ ಮೇಲೆ ಕುಳಿತ ಹಿರಿಯರು, ಅಂಗಳದ ತುಂಬ ಓಡಾಡುವ ಮಕ್ಕಳು, ಸದಾ ಬಿಚ್ಚಿಯೇ ಇರುತ್ತಿದ್ದ ನಾಯಿ. ಗಿಡುಗದ ನೆರಳು ಸುಳಿದರೆ ಯಾರಾದರೊಬ್ಬರು ಕೂಗು ಹಾಕುತ್ತಿದ್ದರು, ಮುಂಗುಸಿ ತಲೆ ಹಾಕಿದರೆ ನಾಯಿ ಅಟ್ಟುತ್ತಿತ್ತು. ಕೋಳಿಗಳು ಆಗಲೂ ಕಾವಲಿಲ್ಲದೆ ತಿರುಗುತ್ತಿರಲಿಲ್ಲ. ಕಾಯುತ್ತಿದ್ದವರು ಯಾರೂ ತಾವು ಕಾಯುತ್ತಿದ್ದೇವೆಂದು ತಿಳಿದಿರಲಿಲ್ಲ, ಅಷ್ಟೇ. ಈಗ ಹಗಲಿನಲ್ಲಿ ಮನೆಯಲ್ಲಿ ಉಳಿಯುವವರು ಒಬ್ಬಿಬ್ಬರು. ಮಕ್ಕಳು ಶಾಲೆಯ ಬಸ್ಸು ಹತ್ತಿದರೆ ಸಂಜೆಯವರೆಗೆ ಅಂಗಳ ಖಾಲಿ. ಹಾಗಾಗಿ ನಾನು ಹಾಕಿಸಿದ ಬೇಲಿ ಬಿಟ್ಟು ಸಾಕುವ ಪದ್ಧತಿಗೆ ವಿರುದ್ಧವಾದುದೆಂದು ನನಗೆ ಅನ್ನಿಸುವುದಿಲ್ಲ. ಅಂಗಳದಿಂದ ಹೋಗಿಬಿಟ್ಟ ಅಷ್ಟೊಂದು ಕಣ್ಣುಗಳ ಕೆಲಸವನ್ನು ಅದು ಮಾಡಬೇಕಾಗಿದೆ.

ಬೇಲಿಯ ಯೋಚನೆಗೆ ಮೊದಲು ಕೋಳಿಯನ್ನು ಯಾರು ಯಾವ ಹೊತ್ತಿನಲ್ಲಿ ಹಿಡಿಯುತ್ತಾರೆ ಎಂಬ ಲೆಕ್ಕ ಬೇಕು. ನಮ್ಮ ಕಡೆ ಹಗಲಿನ ದೊಡ್ಡ ಭಯ ಮುಂಗುಸಿಯದು. ಅದು ಹಗಲು ಸಂಚಾರಿ; ತೋಟದ ಅಗಳಿನ ಮರೆಯಲ್ಲಿ ಬಂದು, ಬೇಲಿಯ ಬುಡದಲ್ಲಿ ಕೈಬೆರಳುಗಳು ಹಿಡಿಸುವಷ್ಟು ಸಂದು ಸಿಕ್ಕರೂ ನುಸುಳಲು ನೋಡುತ್ತದೆ. ಮೇಲಿನಿಂದ ಬರುವುದು ಗಿಡುಗಗಳು. ಅವುಗಳಲ್ಲಿ ಶಿಕ್ರಾ ಎಂಬ ಸಣ್ಣ ಗಿಡುಗ ಮರಗಳ ನಡುವೆಯೇ ಹಾರಿ ಬಂದು ಮರಿಗಳನ್ನು ಎತ್ತಿಕೊಂಡು ಹೋಗುತ್ತದೆ. ಕಾಗೆ ಮತ್ತು ಕೆಂಬೂತಗಳೂ ತಾಯಿಯಿಂದ ದೂರ ಸರಿದ ಮರಿಗಳನ್ನು ಬಿಡುವುದಿಲ್ಲ. ಊರ ನಾಯಿಗಳಿಗೆ ಹಗಲು ರಾತ್ರಿಗಳ ಭೇದವಿಲ್ಲ. ಕತ್ತಲಾದ ಮೇಲೆ ಬರುವವರು ಬೇರೆಯೇ: ಮರದಿಂದ ಮಾಡಿಗೆ, ಮಾಡಿನಿಂದ ಗೂಡಿಗೆ ಇಳಿಯುವ ಕಬ್ಬೆಕ್ಕು, ನೆಲದ ಮೇಲೆ ಓಡಾಡುವ ಪುನುಗಿನ ಬೆಕ್ಕು, ಕಾಡುಬೆಕ್ಕು, ಬಿಲ ತೋಡಿ ಬಂದು ಮೊಟ್ಟೆ ಮರಿಗಳಿಗೆ ಬಾಯಿ ಹಾಕುವ ಹೆಗ್ಗಣ, ಮತ್ತು ಹಾವುಗಳು. ರಾತ್ರಿ ಕೋಳಿಗೆ ಕಣ್ಣು ಕಾಣುವುದು ಬಹಳ ಕಡಿಮೆ. ಹಗಲಲ್ಲಿ ಓಡಿ, ಹಾರಿ, ಕೂಗಿ ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲ ಅದೇ ಹೇಂಟೆ ರಾತ್ರಿ ಕೂತ ಕೋಲಿನಿಂದ ಕದಲುವುದಿಲ್ಲ. ನಾವೇ ಹೋಗಿ ಎತ್ತಿಕೊಂಡರೂ ಸುಮ್ಮನಿರುತ್ತದೆ.

ಈ ಲೆಕ್ಕ ಮುಂದಿಟ್ಟುಕೊಂಡರೆ ಕೆಲಸ ಎರಡಾಗಿ ಒಡೆಯುತ್ತದೆ. ರಾತ್ರಿಯ ಗೂಡು ಚಿಕ್ಕದಾಗಿದ್ದರೂ ನಡೆಯುತ್ತದೆ, ಆದರೆ ಅದರಲ್ಲಿ ಒಂದೇ ಒಂದು ಸಂದೂ ಇರಕೂಡದು. ಹಗಲಿನ ಅಂಗಳ ಆದಷ್ಟು ದೊಡ್ಡದಿರಬೇಕು; ಅದರ ಬೇಲಿ ಹಗಲಿನ ಶತ್ರುಗಳನ್ನು ತಡೆದರೆ ಸಾಕು. ಇಡೀ ಹಿತ್ತಿಲನ್ನು ಕೋಟೆಯಂತೆ ಕಟ್ಟಲು ಹೊರಟರೆ ಖರ್ಚು ಕೈಮೀರುತ್ತದೆ, ಕೊನೆಗೆ ಖರ್ಚಿಗೆ ಹೆದರಿ ಅಂಗಳವನ್ನೇ ಚಿಕ್ಕದು ಮಾಡುತ್ತೇವೆ. ಬಹಳ ಮನೆಗಳಲ್ಲಿ ಆಗುತ್ತಿರುವುದು ಇದೇ.

ನಮ್ಮ ಗೂಡು ನೆಲದಿಂದ ಎರಡು ಅಡಿ ಎತ್ತರದಲ್ಲಿದೆ. ತಲೆಗೆ ಮೂರು ನಾಲ್ಕು ಚದರ ಅಡಿ ಸಿಗುವಂತೆ ಅಳತೆ ಮಾಡಿದ್ದೇವೆ. ಗಾಳಿಯಾಡಲು ಮಾಡಿನ ಕೆಳಗೆ ಬಿಟ್ಟ ಕಿಂಡಿಗಳಿಗೆಲ್ಲ ಅರ್ಧ ಇಂಚಿನ ಕಣ್ಣುಗಳ ವೆಲ್ಡ್ ಮೆಶ್, ಅಂದರೆ ಬೆಸೆದ ತಂತಿಯ ಜಾಲರಿ ಹೊಡೆಸಿದೆ. ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿಬಲೆ ಎಂದು ಕೇಳಿದರೆ ಕೊಡುವುದು ಆರು ಮೂಲೆಯ ಕಣ್ಣುಗಳ ತೆಳು ತಂತಿಯ ಬಲೆ. ಅದು ಕೋಳಿಯನ್ನು ಒಳಗೆ ಇಟ್ಟುಕೊಳ್ಳಲು ಒದಗುತ್ತದೆಯೇ ಹೊರತು ಹೊರಗಿನವರನ್ನು ತಡೆಯಲಾರದು. ನಾಯಿ ಹಲ್ಲಿನಿಂದ ಎಳೆದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ, ಎಳೆಯ ಹಾವು ಕಣ್ಣಿನೊಳಗಿಂದಲೇ ದಾಟುತ್ತದೆ. ವೆಲ್ಡ್ ಮೆಶ್ ಕೊಳ್ಳುವಾಗ ಎರಡು ವಿಷಯ ನೋಡಬೇಕು. ತಂತಿಯ ದಪ್ಪವನ್ನು ಗೇಜ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಆ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ. ಹಾಗೆಯೇ ಬೆಸುಗೆ ಹಾಕಿದ ನಂತರ ಸತುವಿನ ಲೇಪ ಕೊಟ್ಟ ಜಾಲರಿ, ಲೇಪ ಕೊಟ್ಟ ತಂತಿಯನ್ನು ಆಮೇಲೆ ಬೆಸೆದ ಜಾಲರಿಗಿಂತ ಹೆಚ್ಚು ಕಾಲ ಬಾಳುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮ್ಮ ಪಕ್ಕದಲ್ಲೇ ಇದೆ. ಇಲ್ಲಿ ತುಕ್ಕಿನ ವಿಷಯವನ್ನು ಹಗುರವಾಗಿ ಕಾಣುವಂತಿಲ್ಲ. ಬಾಗಿಲಿಗೆ ಎರಡು ಚಿಲಕ ಇದೆ, ಒಂದು ಮೇಲೆ, ಒಂದು ಕೆಳಗೆ. ಒಂದೇ ಚಿಲಕ ಹಾಕಿದ ಬಾಗಿಲನ್ನು ನಾಯಿ ಕೆಳಮೂಲೆಯಲ್ಲಿ ಮೂತಿಯಿಂದ ತಳ್ಳಿದರೆ ಹಲಗೆ ಬಾಗಿ ಸಂದು ಬಿಡುತ್ತದೆ.

ಹಗಲಿನ ಅಂಗಳ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದ. ಅಡಿಕೆ ದಬ್ಬೆಯ ಬೇಲಿ ನೋಡಲು ಚಂದ, ಕೈಗೆಟುಕುವ ಖರ್ಚಿನದು. ಆದರೆ ಮಣ್ಣಿಗೆ ತಾಗಿದ ತುದಿ ಮಳೆಗಾಲದಲ್ಲಿ ಲಡ್ಡಾಗುತ್ತದೆ, ಮುಂಗುಸಿ ನುಸುಳುವುದು ಅಲ್ಲಿಯೇ. ಹಾಗಾಗಿ ಕಂಬಗಳಿಗೆ ಕಲ್ಲು, ಕೆಳಗಿನ ಮೂರು ಅಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್, ಅದರ ಮೇಲಕ್ಕೆ ಅಗ್ಗದ ಆರು ಮೂಲೆಯ ಬಲೆ ಎಂದು ಹಂಚಿಕೊಂಡೆವು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗ ಈಗ ಕಣ್ಣಿಗೇ ಬೀಳುವುದಿಲ್ಲ. ಬೇಲಿಯ ಬುಡದಲ್ಲಿ ಜಾಲರಿಯನ್ನು ನೇರವಾಗಿ ಆಳಕ್ಕೆ ಹೂಳುವ ಬದಲು, ಹೊರಮುಖವಾಗಿ ಮಡಿಸಿ, ಒಂದೂವರೆ ಅಡಿಯಷ್ಟು ಅಗಲ ನೆಲದ ಮೇಲೆ ಹಾಸಿ, ಕಂಬಿಯ ಕೊಕ್ಕೆಗಳನ್ನು ಹೊಡೆದು, ನಾಲ್ಕು ಬೆರಳು ಮಣ್ಣು ಮುಚ್ಚಿ, ಅಲ್ಲಲ್ಲಿ ಜಂಬಿಟ್ಟಿಗೆ ಕಲ್ಲು ಹೇರಿದ್ದೇವೆ. ಬಗೆಯುವ ಪ್ರಾಣಿ ಯಾವುದೇ ಇರಲಿ, ಬೇಲಿ ತಾಗಿದ ಜಾಗದಲ್ಲಿಯೇ ಬಗೆಯಲು ಶುರು ಮಾಡುತ್ತದೆ. ಕಾಲಡಿಗೆ ಜಾಲರಿ ಸಿಕ್ಕಿದರೆ ಪಕ್ಕಕ್ಕೆ ಸರಿದು ಮತ್ತೆ ಬೇಲಿಯ ಬುಡದಲ್ಲೇ ಬಗೆಯುತ್ತದೆ. ಒಂದೂವರೆ ಅಡಿ ಹಿಂದಕ್ಕೆ ಹೋಗಿ ಅಲ್ಲಿಂದ ಸುರಂಗ ತೋಡಬೇಕೆಂಬ ಬುದ್ಧಿ ಅದಕ್ಕೆ ಹೊಳೆಯುವುದಿಲ್ಲ. ಹುಲ್ಲು ಈಗ ಜಾಲರಿಯ ಕಣ್ಣುಗಳೊಳಗಿಂದ ಬೆಳೆದು ಬೇರುಗಳಿಂದ ಅದನ್ನು ನೆಲಕ್ಕೆ ಬಿಗಿದುಬಿಟ್ಟಿದೆ. ಪೂರ್ವದ ಮೂಲೆಯಲ್ಲಿ ಹೆಗ್ಗಣವೋ ಮುಂಗುಸಿಯೋ ಕೆರೆದ ಬೊಗಸೆಯಷ್ಟು ಗುಂಡಿಯೊಂದಿದೆ. ಅದರ ತಳದಲ್ಲಿ ತಂತಿಯ ಚೌಕಗಳು ಹೊಳಪಾಗಿ ಕಾಣುತ್ತವೆ. ಬಗೆದದ್ದು ಅಲ್ಲಿಗೇ ನಿಂತಿದೆ.

ಮೇಲೆ ಏನನ್ನು ಮುಚ್ಚಬೇಕು ಎಂಬುದು ಅಡಿಕೆ ಸೀಮೆಯಲ್ಲಿ ಸುಲಭದ ಪ್ರಶ್ನೆಯಲ್ಲ. ಗಿಡುಗವನ್ನು ತಡೆಯಲು ತೆಳುವಾದ ಬಲೆ ಸಾಕು. ಆದರೆ ಹಾಳೆ ಸಮೇತ ಕಳಚಿಕೊಂಡ ಅಡಿಕೆ ಸೋಗೆ ಅಷ್ಟೆತ್ತರದಿಂದ ಬಿದ್ದರೆ ತೆಳು ಬಲೆ ಹರಿದು ಜೋತಾಡುತ್ತದೆ. ಆದ್ದರಿಂದ ತೋಟದ ಕಡೆಯಿಂದ ದೂರಕ್ಕೆ, ಬಾವಿಕಟ್ಟೆಯ ಪಕ್ಕದ ತೆರವಿನಲ್ಲಿ ಅಂಗಳದ ಜಾಗ ಆರಿಸಿ, ಕಂಬದಿಂದ ಕಂಬಕ್ಕೆ ದಪ್ಪ ತಂತಿ ಎಳೆದು, ಅದರ ಮೇಲೆ ಬಲೆ ಹಾಸಿದ್ದೇವೆ. ಅಗ್ಗದ ನೈಲಾನ್ ಬಲೆಯನ್ನು ಮಾತ್ರ ಬೇಡವೆಂದೆ, ಅದರಲ್ಲಿಯೂ ನೆಲದ ಹತ್ತಿರ. ಹಣ್ಣಿನ ಗಿಡಗಳಿಗೆ, ತರಕಾರಿ ಪಾತಿಗೆ ಹೊದಿಸಿದ ಇಂಥ ಬಲೆಗಳಲ್ಲಿ ಕೇರೆಹಾವು ಸಿಕ್ಕಿಹಾಕಿಕೊಂಡು, ಹೊರಬರಲು ಹೆಣಗಿದಷ್ಟೂ ಎಳೆ ಮೈಗೆ ಕೊರೆಯುತ್ತ ಸಾಯುವುದನ್ನು ಮಲೆನಾಡಿನವರೆಲ್ಲ ಕಂಡಿದ್ದಾರೆ. ಇಲಿ ಹಿಡಿದು ಗದ್ದೆ ಕಾಯುವ ಜೀವವನ್ನು ಕೋಳಿ ಕಾಯುವ ನೆಪದಲ್ಲಿ ಕೊಲ್ಲುವುದು ನನಗೆ ಬೇಕಿರಲಿಲ್ಲ. ಬಿಗಿಯಾಗಿ ನಿಂತ ಕಬ್ಬಿಣದ ಜಾಲರಿಗೆ ಹಾವು ತಲೆ ತಾಗಿಸಿ ನೋಡಿ ತನ್ನ ದಾರಿ ಹಿಡಿಯುತ್ತದೆ.

ಇಷ್ಟಾದರೆ ಅಂಗಳ ಭದ್ರವಾಯಿತು. ಆದರೆ ಕೋಳಿಗಳು ಅದನ್ನು ಬಳಸುತ್ತವೆಯೇ ಎಂಬುದು ಬೇರೆ ವಿಷಯ. ನಾಲ್ಕು ದಿಕ್ಕಿಗೂ ಬೇಲಿ ಹಾಕಿ ನಡುವೆ ಬೋಳು ನೆಲ ಬಿಟ್ಟರೆ ಕೋಳಿಗಳು ಗೂಡಿನ ಬಾಗಿಲ ಹತ್ತಿರವೇ ಗುಂಪಾಗಿ ನಿಲ್ಲುತ್ತವೆ. ಹೊರಗೆ ಬಿಟ್ಟು ಸಾಕುವ ದೊಡ್ಡ ಫಾರಂಗಳಲ್ಲಿಯೂ ತಲೆಯ ಮೇಲೆ ಮರೆ ಇಲ್ಲದ ಬಯಲಿನ ದೂರದ ಭಾಗಕ್ಕೆ ಕೋಳಿಗಳು ಹೋಗುವುದು ವಿರಳ, ಮರ ನೆಟ್ಟರೆ ಹೆಚ್ಚು ದೂರ ಹೋಗುತ್ತವೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಕಾರಣ ಹುಡುಕಲು ನಮ್ಮೂರಿನ ಕಾನಿನ ಅಂಚಿಗೆ ಹೋದರೆ ಸಾಕು. ಬೆಳಗಿನ ಜಾವ ಅಲ್ಲಿ ಕೂಗುವ ಬೂದು ಕಾಡುಕೋಳಿ ದಾರಿಗೆ ಬಂದರೂ ಪೊದೆಯಿಂದ ನಾಲ್ಕು ಹೆಜ್ಜೆಗಿಂತ ಆಚೆ ನಿಲ್ಲುವುದಿಲ್ಲ. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಜಗತ್ತಿನ ಅನೇಕ ಸಾಕು ಕೋಳಿಗಳ ಹಳದಿ ಚರ್ಮ, ಹಳದಿ ಕಾಲುಗಳಿಗೆ ಕಾರಣವಾದ ಜೀನ್ ಬಂದಿರುವುದು ದಕ್ಷಿಣ ಭಾರತದ ಈ ಬೂದು ಕಾಡುಕೋಳಿಯ ಕಡೆಯಿಂದ ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ನಮ್ಮ ಹಿತ್ತಿಲಿನ ಹೇಂಟೆಗೆ ಪಕ್ಕದ ಕಾಡಿನೊಂದಿಗೆ ಇರುವ ಈ ನೆಂಟಸ್ತಿಕೆ ನನಗೆ ಬಹಳ ಪ್ರಿಯವಾದದ್ದು. ಕಾಡಿನ ತಳದಲ್ಲಿ, ಎಲೆಗಳ ಮರೆಯಲ್ಲಿ ಬದುಕಿದ ಕುಲಕ್ಕೆ ಬೇಕಿರುವುದು ಮೈದಾನವಲ್ಲ, ಪೊದೆ.

ಹಾಗಾಗಿ ಅಂಗಳದೊಳಗೆ ದಾಸವಾಳದ ಸಾಲು, ಕರಿಬೇವು, ಮಜ್ಜಿಗೆ ಹುಲ್ಲಿನ ಬುಡಗಳು, ಒಂದು ಬದಿಗೆ ಬಿದಿರಿನ ತಗ್ಗು ಚಪ್ಪರ ಇವೆ. ಗಿಡಗಳ ಬುಡಕ್ಕೆ ಕಲ್ಲು ಜೋಡಿಸಬೇಕು, ಇಲ್ಲದಿದ್ದರೆ ವಾರದೊಳಗೆ ಬೇರು ಹೊರಬರುವಂತೆ ಕೆದಕಿಬಿಡುತ್ತವೆ. ಚಪ್ಪರದ ಕೆಳಗೆ ಒಣ ಮಣ್ಣು, ಒಲೆಯ ಬೂದಿ, ಮರಳು ಸೇರಿಸಿದ ಒಂದು ಗುಣಿ ಇದೆ. ಬಿಸಿಲೇರಿದ ಹೊತ್ತಿಗೆ ಅಲ್ಲಿ ಕುಳಿತು ನೋಡುವುದು ನನ್ನ ಬಿಡುವಿನ ಕೆಲಸ. ಹೇಂಟೆಯೊಂದು ಮೊದಲು ಕೊಕ್ಕಿನಿಂದ ಮಣ್ಣನ್ನು ತನ್ನ ಎದೆಯ ಕಡೆಗೆ ಎಳೆದುಕೊಳ್ಳುತ್ತದೆ. ಆಮೇಲೆ ಒಂದು ಮಗ್ಗುಲಿಗೆ ಒರಗಿ, ರೆಕ್ಕೆ ಬಡಿದು, ಧೂಳನ್ನು ಗರಿಗಳ ಬುಡದವರೆಗೆ ಎರಚಿಕೊಳ್ಳುತ್ತದೆ. ಮೈಯನ್ನೆಲ್ಲ ಉಬ್ಬಿಸಿಕೊಂಡು ಬಹಳ ಹೊತ್ತು ಅಲ್ಲಾಡದೆ ಮಲಗುತ್ತದೆ, ಒಂದು ಕಾಲು ಹಿಂದಕ್ಕೆ ಚಾಚಿರುತ್ತದೆ, ಕಣ್ಣು ಅರೆ ಮುಚ್ಚಿರುತ್ತದೆ. ಕೊನೆಗೆ ಎದ್ದು ಒಮ್ಮೆ ಜೋರಾಗಿ ಕೊಡವಿದರೆ ಬೂದಿಯ ಮೋಡವೇ ಏಳುತ್ತದೆ. ಗರಿಯಲ್ಲಿ ಸೇರಿದ ಹಳೆಯ ಎಣ್ಣೆಯಂಶ, ಹೇನು ಎಲ್ಲ ಆ ಧೂಳಿನೊಂದಿಗೆ ಉದುರುತ್ತವೆ. ಮಣ್ಣೇ ಕಾಣದ ಪಂಜರದಲ್ಲಿ ಬೆಳೆದ ಕೋಳಿಗಳು ಬರಿಯ ತಂತಿಯ ಮೇಲೆ ಮಲಗಿ, ಇಲ್ಲದ ಧೂಳನ್ನು ಮೈಮೇಲೆ ಎಳೆದುಕೊಳ್ಳುವಂತೆ ಇದೇ ಚಲನೆಗಳನ್ನು ಮಾಡುವುದನ್ನು ಪ್ರಾಣಿ ವರ್ತನೆಯ ತಜ್ಞರು ದಾಖಲಿಸಿದ್ದಾರೆ. ಅದನ್ನು ಓದಿದ ದಿನದಿಂದ ಕೋಳಿಗೆ ಮಣ್ಣು ಒದಗಿಸುವುದು ಉಪಕಾರದ ಮಾತೆಂದು ನನಗೆ ಅನ್ನಿಸಿಲ್ಲ. ಅದು ಅದರ ಹಕ್ಕು.

ಜಾಗದ ಅಳತೆಯ ಮಾತು ಇಲ್ಲಿ ಹೇಳಬೇಕು. ನಮ್ಮ ದೇಶದ ಪಂಜರ ಪದ್ಧತಿಯ ಮೊಟ್ಟೆ ಫಾರಂಗಳಲ್ಲಿ ಒಂದು ಹೇಂಟೆಯ ಪಾಲಿಗೆ ಬರುವ ಜಾಗ ಒಂದು ಎ4 ಹಾಳೆಗಿಂತಲೂ ಕಡಿಮೆ. ಭಾರತದ ಕಾನೂನು ಆಯೋಗ 2017ರಲ್ಲಿ ತನ್ನ 269ನೇ ವರದಿಯನ್ನು ಈ ಕೋಳಿಗಳ ಸಾಗಣೆ ಮತ್ತು ವಸತಿಯ ವಿಷಯಕ್ಕೇ ಮೀಸಲಿಟ್ಟಿತು. ಐರೋಪ್ಯ ಒಕ್ಕೂಟ ಕೂರುವ ಕೋಲು, ಮೊಟ್ಟೆಯಿಡುವ ಗೂಡು ಏನೂ ಇಲ್ಲದ ಬರಿಯ ಪಂಜರಗಳನ್ನು 2012ರಿಂದ ನಿಷೇಧಿಸಿದೆ. ಅಲ್ಲಿ ಹೊರಗೆ ಬಿಟ್ಟು ಸಾಕಿದ ಕೋಳಿಯ ಮೊಟ್ಟೆ ಎಂದು ಮಾರಬೇಕಾದರೆ ಪ್ರತಿ ಹೇಂಟೆಗೆ ನಾಲ್ಕು ಚದರ ಮೀಟರ್, ಅಂದರೆ ಸುಮಾರು 43 ಚದರ ಅಡಿ ಹೊರಜಾಗ ಇರಬೇಕು. ನಮ್ಮ ಅಂಗಳ 600 ಚದರ ಅಡಿ, ಕೋಳಿಗಳು ಹನ್ನೆರಡು. ಒಟ್ಟು ಅಂಗಳದ ಲೆಕ್ಕದಲ್ಲಿ ತಲೆಗೆ 50 ಚದರ ಅಡಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಲ್ಲಿ ಸುಮಾರು 31 ಕೋಟಿ 70 ಲಕ್ಷ ಹಿತ್ತಿಲಿನವು. ಹಿತ್ತಿಲಿನ ಹಕ್ಕಿಗಳ ಸಂಖ್ಯೆ ಹಿಂದಿನ ಗಣತಿಗಿಂತ ಶೇಕಡಾ 46ರಷ್ಟು ಏರಿತ್ತು. ಇಷ್ಟು ದೊಡ್ಡ ಸಂಖ್ಯೆಯ ಜೀವಗಳ ಬದುಕು ನಮ್ಮಂಥ ಮನೆಗಳ ಹಿತ್ತಿಲಿನಲ್ಲೇ ತೀರ್ಮಾನವಾಗುತ್ತಿರುವಾಗ, ಪಂಜರವನ್ನು ನಾವೇ ಮನೆಗೆ ತರಬೇಕಾಗಿಲ್ಲ.

ಈ 600 ಚದರ ಅಡಿಯನ್ನು ನಡುವೆ ಬೇಲಿ ಹಾಕಿ ಎರಡು ಮಾಡಿರುವುದಕ್ಕೆ ಮಳೆ ಕಾರಣ. ಒಂದೇ ಜಾಗದಲ್ಲಿ ಸದಾ ಬಿಟ್ಟರೆ ಹುಲ್ಲು ಹೋಗಿ, ನೆಲ ಬೋಳಾಗಿ, ಜೂನ್ ಬಂದೊಡನೆ ಕೆಸರಾಗುತ್ತದೆ. ಹಸಿ ನೆಲದಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯಾ ಪರೋಪಜೀವಿಯ ಮೊಟ್ಟೆಯಂಥ ಸೂಕ್ಷ್ಮ ಕೋಶಗಳು ಒಂದೆರಡು ದಿನಗಳಲ್ಲೇ ಸೋಂಕು ತಗುಲಿಸುವ ಹಂತಕ್ಕೆ ಬೆಳೆಯುತ್ತವೆ, ಎಳೆಯ ಮರಿಗಳು ಅದಕ್ಕೆ ಬೇಗ ಬಲಿಯಾಗುತ್ತವೆ. ಒಂದು ಭಾಗದಲ್ಲಿ ಕೋಳಿ ಇದ್ದಾಗ ಇನ್ನೊಂದು ಭಾಗ ಚಿಗುರಿಕೊಳ್ಳಬೇಕು. ಮಳೆಗಾಲದ ನಡುವಿನ ಎರಡು ತಿಂಗಳಿಗೆಂದು ಗೂಡಿಗೆ ತಾಗಿದ ಭಾಗಕ್ಕೆ ಫೈಬರ್ ಶೀಟಿನ ಮಾಡು ಇಳಿಸಿ, ಕೆಳಗೆ ಒಣ ಎಲೆಗಳ ದರಗು ಮತ್ತು ಭತ್ತದ ಉಮಿಯನ್ನು ದಪ್ಪವಾಗಿ ಹಾಸುತ್ತೇವೆ. ಮೂರು ದಿನ ಬಿಡದೆ ಹೊಯ್ದರೂ ಅಲ್ಲಿ ಕೆದಕಲು ಒಣ ನೆಲ ಇರುತ್ತದೆ, ಮತ್ತು ಮಳೆ ಬಿಟ್ಟ ಮೇಲೆ ಆ ಹಾಸು ತೆಗೆದು ತೆಂಗಿನ ಬುಡಕ್ಕೆ ಹಾಕಿದರೆ ಗೊಬ್ಬರದ ಕೆಲಸ ಮುಗಿಯಿತು. ಕಾಡುಹಕ್ಕಿಗಳ ಹಿಕ್ಕೆ ನೀರಿನ ಬಾನಿಗೆ, ತಿಂಡಿಯ ತಟ್ಟೆಗೆ ಬೀಳದಂತೆ ಅವನ್ನೂ ಈ ಮಾಡಿನ ಕೆಳಗೇ ಇಟ್ಟಿದ್ದೇವೆ. 2012ರಲ್ಲಿ ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ನೆನಪಿರುವವರಿಗೆ ಈ ಎಚ್ಚರಿಕೆ ಅತಿಯೆನಿಸಲಾರದು. ಕೊಕ್ಕರೆ ರೋಗದ (ರಾಣಿಖೇತ್ ರೋಗದ) ಲಸಿಕೆಯ ಜಾಗವನ್ನಂತೂ ಯಾವ ಬೇಲಿಯೂ ತುಂಬಿಕೊಡಲಾರದು. ಆ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ ಕಾಲಕಾಲಕ್ಕೆ ಹಾಕಿಸಲೇಬೇಕು.

ತಳಿಯ ಬಗ್ಗೆ ಒಂದು ಮಾತು. ನಾಟಿ ಹೇಂಟೆ ಹಗುರವಾದದ್ದು, ಅಪಾಯ ಕಂಡರೆ ಹಲಸಿನ ಕೊಂಬೆಗೆ ಹಾರಬಲ್ಲದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಹೆಚ್ಚು ಮೊಟ್ಟೆ ಕೊಡುತ್ತದೆ, ಮೈಯೂ ದೊಡ್ಡದು, ಆದರೆ ಆ ಭಾರಕ್ಕೆ ಹಾರಾಟ ಕಡಿಮೆ. ಎರಡನ್ನೂ ಸಾಕುವವರು ಬೇಲಿಯನ್ನು ಗಿರಿರಾಜನ ಲೆಕ್ಕದಲ್ಲಿ ಗಟ್ಟಿ ಮಾಡಬೇಕು, ನಾಟಿಯ ಲೆಕ್ಕದಲ್ಲಿ ಎತ್ತರ ಮಾಡಬೇಕು.

ಕೋಳಿ ಹೋದ ಸಿಟ್ಟಿಗೆ ಉರುಳು ಹಾಕುವವರು, ವಿಷವಿಡುವವರು ಈಗಲೂ ಇದ್ದಾರೆ. ಮುಂಗುಸಿ, ಕಬ್ಬೆಕ್ಕು, ಕಾಡುಬೆಕ್ಕು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ. ಕಾನೂನಿನ ಮಾತು ಹಾಗಿರಲಿ. ತೋಟದಲ್ಲಿ ಇಲಿ ಹೆಗ್ಗಣಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿರುವುದು, ಹಣ್ಣು ತಿಂದು ಬೀಜ ಬಿತ್ತುತ್ತ ಕಾಡು ಬೆಳೆಸುವುದು ಇವೇ ಜೀವಿಗಳು. ಅವು ಕಂಡದ್ದನ್ನು ಹಿಡಿದು ತಿನ್ನುತ್ತವೆ, ಅದು ಅವುಗಳ ಬದುಕು. ಬೊಗಸೆಯಷ್ಟು ಗುಂಡಿ ತೋಡಿ ಜಾಲರಿ ತಾಗಿ ಹಿಂದಿರುಗಿದ ಪ್ರಾಣಿ ಬದುಕಿತು, ನಮ್ಮ ಹೇಂಟೆಯೂ ಬದುಕಿತು. ಬೇಲಿಗೆ ಸುರಿದ ದುಡ್ಡಿನ ಲೆಕ್ಕ ಕೇಳಿದವರಿಗೆ ನಾನು ಈ ಎರಡು ಜೀವಗಳನ್ನೂ ಸೇರಿಸಿಯೇ ಉತ್ತರ ಹೇಳುತ್ತೇನೆ.

ಜಾಲರಿಯಿಂದ ಆಗದ ಕೆಲಸ ಒಂದು ಉಳಿಯುತ್ತದೆ, ಅದು ಸಂಜೆಯ ಬಾಗಿಲು. ಕೋಳಿಗಳು ಕತ್ತಲಾಗುವಾಗ ತಾವಾಗಿಯೇ ಗೂಡು ಹತ್ತುತ್ತವೆ, ಬಾಗಿಲನ್ನು ಮಾತ್ರ ನಾವು ಹಾಕಬೇಕು. ಬೆಳಕು ಕಡಿಮೆಯಾದೊಡನೆ ಮುಚ್ಚಿಕೊಳ್ಳುವ ಯಂತ್ರದ ಬಾಗಿಲುಗಳು ಈಗ ಸಿಗುತ್ತವೆ. ಆದರೆ ಆಷಾಢದ ಮಳೆಯಲ್ಲಿ ಮಧ್ಯಾಹ್ನವೇ ಮಬ್ಬುಗತ್ತಲಾಗುವ, ವಾರಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ನನಗೆ ಅವುಗಳ ಮೇಲೆ ನಂಬಿಕೆ ಸಾಲದು. ಮದುವೆ, ಗೃಹಪ್ರವೇಶವೆಂದು ನಾವು ಊರು ಬಿಡಬೇಕಾದ ದಿನಗಳಲ್ಲಿ ಪಕ್ಕದ ಮನೆಯ ಹುಡುಗಿಗೆ ಆ ಕೆಲಸ ಒಪ್ಪಿಸುತ್ತೇವೆ. ಮೊದಲ ಸಲ ಅವಳು, "ದೊಡ್ಡಮ್ಮ, ಬಾಗಿಲು ಹಾಕೋಕೆ ಮುಂಚೆ ಎಣಿಸ್ಬೇಕಾ?" ಎಂದು ಕೇಳಿದಳು. ಎಣಿಸಬೇಕು ಎಂದೆ. ಹನ್ನೊಂದೇ ಇದ್ದರೆ ಟಾರ್ಚ್ ಹಿಡಿದು ದಾಸವಾಳದ ಬುಡ, ಚಪ್ಪರದ ಅಡಿ ನೋಡಬೇಕು, ಆಮೇಲೆ ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಹಾಕಿ ಎಳೆದು ನೋಡಬೇಕು ಎಂದು ತೋರಿಸಿಕೊಟ್ಟೆ. ಅವಳ ದಿನದ ಸಂಬಳ ಗೂಡಿನಲ್ಲಿ ಅಂದು ಸಿಕ್ಕಿದ ಮೊಟ್ಟೆಗಳೆಲ್ಲವೂ.